ಕೊಂಬಿನ ದುಂಬಿಗೆ ಯಾಕಿಷ್ಟು ಮರುಳು?

ಹುಳಹುಪ್ಪಡಿ: ಓದುಗರ ಪ್ರಶ್ನೆ, ಧಾರವಾಡದ ವಿಜ್ಞಾನದ ಅಕ್ಕೋರ ಉತ್ತರ

ಅಕ್ಕೋರೇ, ನಾನು ಒಂಬತ್ತನೇ ಕ್ಲಾಸು. ಫೋನಿನಲ್ಲಿ ಹರ್ಕ್ಯುಲಿಸ್ ದುಂಬಿಯ ವಿಡಿಯೊ ನೋಡಿದೆ. ಅದನ್ನು ನೋಡೋಕೆ ಜನ ಅಮೆಜಾನ್ ಕಾಡಿಗೆ ಹೋಗುತ್ತಾರಂತೆ. ಅಂಥದ್ದೇನಿದೆ ಅದರಲ್ಲಿ? ಅಷ್ಟು ದೊಡ್ಡ ಕೊಂಬು ಯಾಕೆ ಬೇಕು?
– ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಮೊದಲು ಕಣ್ಣಿಗೆ ಬೀಳುವುದು ಗಾತ್ರ. ಹರ್ಕ್ಯುಲಿಸ್ ಇರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ, ಕೆರಿಬಿಯನ್ನಿನ ಗ್ವಾಡಲೂಪ್, ಡೊಮಿನಿಕಾದಂಥ ದ್ವೀಪಗಳಲ್ಲಿ. ದೊಡ್ಡ ಗಂಡು ಕೊಂಬು ಸೇರಿ ಸುಮಾರು 17 ಸೆಂ.ಮೀ. ನಿನ್ನ ಕಂಪಾಸ್ ಪೆಟ್ಟಿಗೆಯ ಸ್ಕೇಲಿಗಿಂತ ಉದ್ದ! ಹೆಣ್ಣಿಗೆ ಕೊಂಬೇ ಇಲ್ಲ.

ಆದರೆ ಬರೀ ಗಾತ್ರಕ್ಕೆ ಮನಸೋತವರು ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ವರ್ಷಗಟ್ಟಲೆ ಇದರ ಹಿಂದೆ ಬೀಳುವವರಿಗೆ ಬೇರೆ ಕಾರಣಗಳಿವೆ. ಬಣ್ಣವನ್ನೇ ನೋಡು. ಹವೆ ಒಣಗಿದ್ದಾಗ ಇದರ ಬೆನ್ನ ಮೇಲಿನ ಗಟ್ಟಿ ರೆಕ್ಕೆ ಹಳದಿ-ಹಸಿರು. ತೇವ ಏರಿದರೆ ಅದೇ ರೆಕ್ಕೆ ಕಪ್ಪು. ಮೇಲಿನ ತೆಳು ಪದರದಲ್ಲಿ ಬೆಳಕು ಹಾಯುತ್ತದೆ. ಅದರ ಕೆಳಗೆ ಸಣ್ಣ ತೂತುಗಳ ಹಳದಿ ಪದರ, ಅದಕ್ಕೂ ಕೆಳಗೆ ಕಪ್ಪು. ತೂತುಗಳಲ್ಲಿ ಗಾಳಿ ಇದ್ದರೆ ಬೆಳಕು ಅಲ್ಲೇ ಚದುರಿ ಹಳದಿ ಕಾಣುತ್ತದೆ. ನೀರು ತುಂಬಿಕೊಂಡರೆ ಬೆಳಕು ಒಳಗೆ ದಾಟಿ ತಳದ ಕಪ್ಪು ಕಾಣುತ್ತದೆ. ಹುಳ ತಾನಾಗಿ ಏನೂ ಮಾಡಬೇಕಿಲ್ಲ, ಕಾಡಿನ ಹವೆಯೇ ಬಣ್ಣ ಬದಲಿಸುತ್ತದೆ.

ಇನ್ನು ಕೊಂಬು. ಅದು ಒಂದಲ್ಲ, ಎರಡು. ಉದ್ದದ್ದು ಎದೆಯ ಭಾಗದಿಂದ ಮುಂದಕ್ಕೆ ಚಾಚುತ್ತದೆ. ಇನ್ನೊಂದು ತಲೆಯಿಂದ ಮೇಲಕ್ಕೆ ಬಾಗುತ್ತದೆ. ದುಂಬಿಗಳ ಕೊಂಬು ಅಲಂಕಾರಕ್ಕೆ ಬಂದದ್ದು ಎಂದು ಡಾರ್ವಿನ್ 1871ರಲ್ಲಿ ಬರೆದ. ಅದಕ್ಕೆ ಅವನಲ್ಲಿ ಕಾರಣವಿತ್ತು. ಅಮೆಜಾನಿನಲ್ಲಿ ಹನ್ನೊಂದು ವರ್ಷ ಕೀಟ ಹುಡುಕಿದ ಹೆನ್ರಿ ಬೇಟ್ಸ್ ಹಲವು ಜಾತಿಗಳನ್ನು ನೋಡಿದ್ದ. ಕಾದಾಡಿದವು ಎನ್ನುವಷ್ಟು ಮುರಿದ, ಜಖಂಗೊಂಡ ಕೊಂಬು ಅವನಿಗೆ ಕಾಣಲಿಲ್ಲ. ಮುಂದೆ ಜೀವಂತ ದುಂಬಿಗಳ ಎದುರು ಕೂತು ನೋಡಿದವರಿಗೆ ಕಂಡದ್ದೇ ಬೇರೆ. ಗಂಡುಗಳು ಹೆಣ್ಣಿಗಾಗಿ ಕಾದಾಡುತ್ತವೆ. ಹರ್ಕ್ಯುಲಿಸ್ ಎರಡು ಕೊಂಬಿನ ನಡುವೆ ಎದುರಾಳಿಯನ್ನು ಅಮುಕಿ ಹಿಡಿದು, ಮೇಲೆತ್ತಿ ಎಸೆಯುತ್ತದೆ. ಜಪಾನಿನ ಕೊಂಬಿನ ದುಂಬಿಯ ವರಸೆ ಬೇರೆ. ಅದು ಕವಲೊಡೆದ ಕೊಂಬನ್ನು ಎದುರಾಳಿಯ ಅಡಿಗೆ ತೂರಿಸಿ, ಮೀಟಿ, ತಿರುಚುತ್ತದೆ. ಯಾವ ಜಾತಿ ಹೇಗೆ ಕಾದಾಡುತ್ತದೋ ಆ ಪೆಟ್ಟು ತಡೆಯುವ ದಿಕ್ಕಿಗೇ ಅದರ ಕೊಂಬು ಗಟ್ಟಿ ಇರುತ್ತದೆ ಎಂದು ಎರಿನ್ ಮೆಕಲಾ ಎಂಬ ಸಂಶೋಧಕಿ ಮತ್ತು ಸಂಗಡಿಗರು 2014ರಲ್ಲಿ ಕಂಪ್ಯೂಟರ್ ಮಾದರಿಗಳಿಂದ ತೋರಿಸಿದರು.

ನನ್ನ ಮನಸ್ಸು ನಿಂತಿರುವುದು ಮಾತ್ರ ಇನ್ನೂ ಹಿಂದೆ, ಗೊಣ್ಣೆ ಹುಳದ ಹತ್ತಿರ. ಒಂದೇ ಜಾತಿಯ ಒಂದು ಗಂಡಿಗೆ ಉದ್ದ ಕೊಂಬು, ಇನ್ನೊಂದಕ್ಕೆ ಮೊಂಡು. ವಯಸ್ಸಿನ ವ್ಯತ್ಯಾಸ ಅಲ್ಲ ಇದು. ರೆಕ್ಕೆ ಬಂದು ದುಂಬಿಯಾದ ಮೇಲೆ ಅದು ಒಂದಿಷ್ಟೂ ಬೆಳೆಯುವುದಿಲ್ಲ. ಬೆಳೆಯುವುದೆಲ್ಲ ಗೊಣ್ಣೆ ಹುಳವಾಗಿದ್ದಾಗಲೇ. ಹರ್ಕ್ಯುಲಿಸ್ ಮರಿ ಕೊಳೆತ ಮರದೊಳಗೆ ಒಂದರಿಂದ ಎರಡು ವರ್ಷ ತಿನ್ನುತ್ತಲೇ ಇರುತ್ತದೆ. ದೊಡ್ಡವು 100 ಗ್ರಾಂ ದಾಟುತ್ತವೆ. ತಿಂದದ್ದು ಸಾಕಷ್ಟಾದರೆ ಕೊಂಬು ಉದ್ದ, ಕಡಿಮೆಯಾದರೆ ಕೊಂಬು ಗಿಡ್ಡ. ರೆಕ್ಕೆಗೂ ಊಟದ ಪರಿಣಾಮ ಇದೆ, ಆದರೆ ಕೊಂಬಿನಷ್ಟಲ್ಲ. ಊಟ ಎಷ್ಟಾಯಿತು ಎಂದು ಮೈಗೆ ತಿಳಿಸುವ ಇನ್ಸುಲಿನ್ ಸಂಕೇತಕ್ಕೆ ಕೊಂಬಿನ ಜೀವಕೋಶಗಳು ಜಾಸ್ತಿ ಸ್ಪಂದಿಸುತ್ತವೆ ಎಂದು ಡಗ್ಲಸ್ ಎಮ್ಲೆನ್ ಮತ್ತು ಸಂಗಡಿಗರು 2012ರಲ್ಲಿ ಜಪಾನಿನ ಜಾತಿಯಲ್ಲೇ ತೋರಿಸಿದರು. ಅಂದರೆ ಆ ಗಂಡು ಬಾಲ್ಯದಲ್ಲಿ ಹೇಗೆ ಉಂಡು ಬೆಳೆಯಿತು ಅನ್ನುವುದನ್ನು ಅದರ ಕೊಂಬಿನಲ್ಲೇ ಓದಬಹುದು. ಇದನ್ನು ಹೆಣ್ಣು ಓದುತ್ತದೋ ಇಲ್ಲವೋ, ಎದುರಾಳಿಗಂತೂ ಗೊತ್ತಾಗುತ್ತದೆ!

ಇದನ್ನು ನೋಡಲು ಅಮೆಜಾನೇ ಬೇಕಿಲ್ಲ. ನಮ್ಮ ತೆಂಗಿನ ಕೊಂಬಿನ ದುಂಬಿ ಅದೇ ಬಳಗದ್ದು. ಮಿರುಗದ ಮಳೆ ಬಿದ್ದ ಮೇಲೆ ಬೀದಿದೀಪದ ಕೆಳಗೆ ಬಿದ್ದವನ್ನು ನಮ್ಮ ಶಾಲೆಯ ಮಕ್ಕಳು ಬೆಂಕಿಪೆಟ್ಟಿಗೆಯಲ್ಲಿ ತರುತ್ತಿದ್ದರು. ಸಾಲಾಗಿ ಇಟ್ಟು ಮೈ ಎಷ್ಟು, ಕೊಂಬು ಎಷ್ಟು ಎಂದು ಅಳೆದು ಬೋರ್ಡಿನ ಮೇಲೆ ಬರೆಯುತ್ತಿದ್ದೆವು. ದೊಡ್ಡ ಮೈಯವಕ್ಕೆ ಕೊಂಬು ಎದ್ದು ಕಾಣುತ್ತಿತ್ತು. ಈ ಮಳೆಗಾಲ ನೀನೂ ಅಳೆದು ನೋಡು, ನನಗೆ ಬರೆದು ಕಳಿಸು.

ಹರ್ಕ್ಯುಲಿಸ್ ದುಂಬಿ ತನ್ನ ತೂಕದ 850 ಪಟ್ಟು ಭಾರ ಹೊರುತ್ತದಂತೆ. ಖರೇನಾ?
– ಓದುಗರು, ಗದಗ

ಅಲ್ಲ. ಎಲ್ಲೆಲ್ಲೂ ಓಡಾಡುವ ಅಂಕಿ ಅದು. ರಾಜರ್ ಕ್ರಾಮ್ ಎಂಬ ಸಂಶೋಧಕರು 1996ರಲ್ಲಿ ಕೊಂಬಿನ ದುಂಬಿಯ ಬೆನ್ನಿಗೆ ಭಾರ ಕಟ್ಟಿ ನಡೆಸಿ ನೋಡಿದರು. ತನ್ನ ತೂಕದ 30 ಪಟ್ಟು ಹೊತ್ತು ಅದು ನಡೆಯಿತು. ಅದೇ ದೊಡ್ಡದು. ಅಷ್ಟು ಹೊತ್ತರೂ ಅದಕ್ಕೆ ಖರ್ಚಾದ ಶಕ್ತಿ ನಿರೀಕ್ಷೆಗಿಂತ ಬಹಳ ಕಡಿಮೆ ಎನ್ನುವುದೇ ಆ ಪ್ರಯೋಗದ ನಿಜವಾದ ಸುದ್ದಿ.

ಅಕ್ಕೋರೇ, ನಮ್ಮ ತೆಂಗಿನ ಸುಳಿಯನ್ನು ಈ ದುಂಬಿ ಕೊರೆದು ಹಾಕಿದೆ. ಮಗ ಕೊಲ್ಲಬೇಡ ಅನ್ನುತ್ತಾನೆ. ಏನು ಮಾಡಲಿ?
– ರೈತರು, ಹಾನಗಲ್ ತಾಲ್ಲೂಕು

ಮಗನ ಮನಸ್ಸು ದೊಡ್ಡದು, ಆದರೆ ಸುಳಿ ಹೋದರೆ ಮರವೇ ಹೋಗುತ್ತದೆ. ಸುಳಿಯಲ್ಲಿ ಕೂತದ್ದನ್ನು ಕೊಕ್ಕೆ ತಂತಿಯಿಂದ ತೆಗೆಯಲೇಬೇಕು. ಸುಳಿಯ ಪಕ್ಕದ ಗರಿಗಳ ಕಂಕುಳಲ್ಲಿ ನುಸಿಗುಳಿಗೆ ಇಟ್ಟು ಮರಳು ಮುಚ್ಚಿ.

ನಿಜವಾದ ಕೆಲಸ ಇರುವುದು ತಿಪ್ಪೆಯಲ್ಲಿ. ಇದು ಮೊಟ್ಟೆ ಇಡುವುದು ಅಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಗೊಬ್ಬರ ಕೆದಕಿ ಹುಳ ಆರಿಸಿ. ಅದಕ್ಕೆ ರೋಗ ತರುವ ಮೆಟರೈಜಿಯಂ ಎಂಬ ಹಸಿರು ಬೂಷ್ಟು ಇದೆ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಒಂದು ಮಾತು, ದಯವಿಟ್ಟು ಮರೆಯಬೇಡಿ. ತಿಪ್ಪೆಯಲ್ಲಿರುವ ಎಲ್ಲ ಬಿಳಿ ಹುಳವೂ ಇದೇ ಅಲ್ಲ. ಸಿಕ್ಕಿದ್ದನ್ನು ನೆಲದ ಮೇಲೆ ಬಿಡಿ. ಬೆನ್ನ ಮೇಲೆ ಮಲಗಿ, ಕಾಲು ಮೇಲೆ ಮಾಡಿ ಸರಸರ ಸರಿದರೆ ಅದು ಹೂದುಂಬಿಯ ಮರಿ. ಕೊಳೆತದ್ದನ್ನು ತಿಂದು ಗೊಬ್ಬರ ಮಾಡುತ್ತದೆ, ವಾಪಸ್ ತಿಪ್ಪೆಗೆ ಹಾಕಿ. ಮೈ ಬಾಗಿಸಿ ಪಕ್ಕಕ್ಕೆ ಮಲಗಿದ್ದನ್ನು ಮಾತ್ರ ತೆಗೆಯಿರಿ. ಈ ಆರಿಸುವ ಕೆಲಸ ಮಗನಿಗೇ ಕೊಡಿ, ಚೆನ್ನಾಗಿ ಮಾಡುತ್ತಾನೆ.

ಚೌಕಟ್ಟು ಹಾಕಿದ ಹರ್ಕ್ಯುಲಿಸ್ ಆನ್‌ಲೈನಿನಲ್ಲಿ ಸಿಗುತ್ತದೆ. ಮೊಮ್ಮಗನಿಗೆ ಕೊಡಿಸಲೇ?
– ಓದುಗರು, ಸಪ್ತಾಪುರ, ಧಾರವಾಡ

ಬೇಡ ಅಂತ ನನ್ನ ಸಲಹೆ. ಯಾವ ಕಾಡಿನಿಂದ ಬಂತು, ಹೇಗೆ ಬಂತು ಎಂದು ಮಾರುವವರು ಹೇಳುವುದಿಲ್ಲ. ಜೀವಂತ ತರಿಸುವ ಯೋಚನೆಯಂತೂ ಬೇಡವೇ ಬೇಡ. ಹೊರದೇಶದ ಕೀಟಕ್ಕೆ ಸರ್ಕಾರದ ಪರವಾನಗಿ ಬೇಕು. ಆ ದುಡ್ಡಿನಲ್ಲಿ ಒಂದು ಒಳ್ಳೆ ಭೂತಗನ್ನಡಿ, ಒಂದು ಟಾರ್ಚು ಕೊಡಿಸಿ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಕೀಟಗಳ ಪ್ರದರ್ಶನ ಇರುತ್ತದೆ, ಕರೆದುಕೊಂಡು ಹೋಗಿ.

ದುಂಬಿ ಹಿಡಿದರೆ ಬುಸ್ ಅನ್ನುತ್ತದೆ. ಕಚ್ಚುತ್ತದೆಯೇ?
– ಗೃಹಿಣಿ, ರಾಣೇಬೆನ್ನೂರು

ಕಚ್ಚುವುದಿಲ್ಲ. ಹೊಟ್ಟೆಯ ತುದಿಯನ್ನು ಗಟ್ಟಿ ರೆಕ್ಕೆಗೆ ಉಜ್ಜಿ ಮಾಡುವ ಸದ್ದು ಅದು, ಹೆದರಿಸಲಿಕ್ಕೆ. ಕಾಲಿನ ಮುಳ್ಳು ಚುಚ್ಚಬಹುದು, ಅಷ್ಟೇ. ಸೀರೆಗೆ ಅಂಟಿಕೊಂಡರೆ ಎಳೆಯಬೇಡಿ, ಅದರ ಕಾಲು ಮುರಿಯುತ್ತದೆ. ಮುಂದೆ ಒಂದು ಕಡ್ಡಿ ಹಿಡಿದು, ಹಿಂದಿನಿಂದ ಮೆಲ್ಲಗೆ ತಟ್ಟಿ. ತಾನೇ ಹತ್ತಿಕೊಳ್ಳುತ್ತದೆ.