ಘಟ್ಟದ ರಸ್ತೆಯ ಬಕೆಟ್ ಜೇನು: ಶಿರಸಿಗೆ ಬರುವವರ ಪ್ರಶ್ನೆಗೆ ಜೇನು ಸಾಕುವವನ ಉತ್ತರ

ಮಳೆಗಾಲದ ಪ್ರವಾಸ ಶುರುವಾಯ್ತು ಅಂದರೆ ನನಗೆ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬರುತ್ತದೆ. ಪ್ರತಿ ವರ್ಷ ಉತ್ತರ ಹೇಳಿದ್ದೇನೆ. ಈ ಸಲ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಯಾಣ ನೋಡಿ ವಾಪಸ್ ಬರುವಾಗ ದಾರಿ ಪಕ್ಕ ಒಬ್ಬರು ಬಕೆಟ್‌ನಲ್ಲಿ ಎರಿ (ಜೇನುಹುಟ್ಟು) ಸಮೇತ ಜೇನು ಇಟ್ಟುಕೊಂಡಿದ್ದರು. ನಮ್ಮೆದುರೇ ಹಿಂಡಿ ಬಾಟಲಿಗೆ ತುಂಬಿದರು. ಸಾವಿರ ಅಂದವರು ನಾನೂರಕ್ಕೆ ಕೊಟ್ಟರು. ಮನೆಗೆ ಬಂದು ನೀರಿಗೆ ಹಾಕಿದರೆ ಸೀದಾ ತಳಕ್ಕೆ ಹೋಯ್ತು. ಅಸಲಿ ಜೇನೇ ಅಲ್ವಾ?

ಅಲ್ಲ. ಅದನ್ನು ಹೇಳಲು ಬಾಟಲಿ ನೋಡಬೇಕಾಗಿಯೂ ಇಲ್ಲ, ನೀವು ಹೇಳಿದ ತಿಂಗಳೇ ಸಾಕು.

ನಮ್ಮ ಕಡೆ ಜೇನು ತೆಗೆಯುವುದು ಬೇಸಿಗೆಯಲ್ಲಿ. ನೇರಳೆ, ಮತ್ತಿ ಅಂತ ಕಾಡಿನ ಮರಗಳು ಒಂದಾದ ಮೇಲೊಂದು ಹೂ ಬಿಡುತ್ತವೆ, ಮೇ ಮುಗಿಯುವಷ್ಟರಲ್ಲಿ ನಮ್ಮ ಕೆಲಸವೂ ಮುಗಿದಿರುತ್ತದೆ. ಮಳೆ ಹಿಡಿದ ಮೇಲೆ ಜೇನುಹುಳು ಹೊರಗೆ ಹೋಗಲು ಆಗುವುದಿಲ್ಲ, ಹೋದರೂ ಹೂವಿಲ್ಲ. ಪೆಟ್ಟಿಗೆಯ ಕುಟುಂಬ ಉಳಿಯಲಿ ಅಂತ ನಾವೇ ಸಕ್ಕರೆ ಪಾಕ ಮಾಡಿ ಕೊಡುತ್ತೇವೆ. ಜೇನು ಸಾಕುವವನೇ ಹುಳುಗಳಿಗೆ ಸಕ್ಕರೆ ಹಾಕುವ ಕಾಲದಲ್ಲಿ ರಸ್ತೆ ಪಕ್ಕದ ಬಕೆಟ್‌ಗೆ ತಾಜಾ ಜೇನು ಎಲ್ಲಿಂದ ಬರಬೇಕು? ಕಾಡಿನ ಹೆಜ್ಜೇನಂತೂ ಮಳೆಗೆ ಮೊದಲೇ ಜಾಗ ಬಿಟ್ಟು ಹೋಗುತ್ತದೆ. ಖಾಲಿ ಎರಿ ಮರದಲ್ಲಿ, ಬಂಡೆಯಲ್ಲಿ ಹಾಗೇ ನೇತಾಡುತ್ತಿರುತ್ತದೆ.

ಬಕೆಟ್‌ನವರಿಗೆ ಬೇಕಾಗಿರುವುದು ಆ ಖಾಲಿ ಎರಿ. ನೀವು ನೋಡಿದ ಎರಿ ಅಸಲಿಯೇ, ಅದರಲ್ಲಿ ಮೋಸ ಇಲ್ಲ. ಮೋಸ ಇರುವುದು ಅದರೊಳಗೆ ಇಳಿಸಿದ ಬೆಲ್ಲದ ಅಥವಾ ಸಕ್ಕರೆಯ ಪಾಕದಲ್ಲಿ. ಹಳೆ ಎರಿ ಪಾಕವನ್ನು ಚೆನ್ನಾಗಿ ಕುಡಿಯುತ್ತದೆ, ಹಿಂಡಿದರೆ ಧಾರೆಯಾಗಿ ಬಿಡುತ್ತದೆ. ಮೇಲೆ ನಾಲ್ಕು ಹಸಿ ಎಲೆ, ಒಂದಿಷ್ಟು ಸತ್ತ ಹುಳು. ಜೀವಂತ ಹುಳು ಸುತ್ತ ಹಾರುತ್ತಿತ್ತಲ್ಲ ಅಂತ ಕೇಳುತ್ತೀರಿ. ಸಕ್ಕರೆ ಪಾಕ ತೆರೆದಿಟ್ಟರೆ ಹುಳು ಬಂದೇ ಬರುತ್ತದೆ, ಬೇಕರಿಯ ಜಿಲೇಬಿ ಮೇಲೂ ಕೂರುತ್ತದೆ.

"ನಮ್ಮೆದುರೇ ಹಿಂಡಿ ಕೊಟ್ಟರು" ಅನ್ನುವುದೇ ನಿಮಗೆ ದೊಡ್ಡ ಸಾಕ್ಷಿ. ನನಗೆ ಮೊದಲ ಅನುಮಾನ ಅಲ್ಲೇ. ಕಾಡಿನಲ್ಲಿ ಹೆಜ್ಜೇನು ಕೊಯ್ಯುವವರು ರಾತ್ರಿ ಕತ್ತಲಲ್ಲಿ ಹೊಗೆ ಹಾಕಿ, ಜೀವ ಕೈಯಲ್ಲಿ ಹಿಡಿದು ಮರ ಹತ್ತುತ್ತಾರೆ. ಅವರು ಎರಿಯ ಮೇಲಿನ ತಲೆಭಾಗದ ಜೇನನ್ನು ಮಾತ್ರ ಬೇರೆ ತೆಗೆದು ಸೋಸುತ್ತಾರೆ. ಕೆಳಗಿನ ಭಾಗದಲ್ಲಿ ಮರಿ, ಮೊಟ್ಟೆ, ಪರಾಗ ಇರುತ್ತದೆ. ಎಲ್ಲ ಸೇರಿಸಿ ಹಿಂಡಿದ ಜೇನು ಬೇಗ ಹುಳಿ ಬರುತ್ತದೆ. ಇನ್ನೊಂದು ಗುರುತು ಹೇಳುತ್ತೇನೆ. ಮಾಗಿದ ಜೇನಿದ್ದ ಕೋಣೆಗಳ ಬಾಯಿಗೆ ಹುಳು ಮೇಣದ ತೆಳು ಮುಚ್ಚಳ ಹಾಕಿರುತ್ತದೆ. ಬಕೆಟ್‌ನ ಎರಿಯಲ್ಲಿ ಎಲ್ಲ ಕೋಣೆ ಬಾಯಿ ತೆರೆದುಕೊಂಡೇ ಇದ್ದರೆ ಅದು ತುಂಬಿಸಿದ ಮಾಲು ಅಂತಲೇ ಲೆಕ್ಕ.

ಮತ್ತೆ ಆ ರೇಟು. ನಾವು ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಅನ್ನುವ ನಾಡಜೇನು. ಅದರ ಒಂದು ಪೆಟ್ಟಿಗೆಯಲ್ಲಿ ವರ್ಷಕ್ಕೆ ಐದಾರು ಕೆಜಿ ಬಂದರೆ ನಾವು ಖುಷಿ ಪಡುತ್ತೇವೆ. ಅಷ್ಟು ಕಷ್ಟಪಟ್ಟು ತೆಗೆದವನು ನೀವು ಕಾರಿನ ಕಿಟಕಿ ಏರಿಸಿದ ತಕ್ಷಣ ಸಾವಿರದಿಂದ ನಾನೂರಕ್ಕೆ ಇಳಿಯುತ್ತಾನಾ?

ಇನ್ನು ನೀರಿನ ಪರೀಕ್ಷೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇದರ ಮೇಲೆ, ಯಾಕಂದರೆ ಮೋಸ ಮಾಡುವವರೇ ಇದನ್ನು ಗ್ಲಾಸು ಹಿಡಿದು ತೋರಿಸಿ ಮಾರುತ್ತಾರೆ. ನೀರಿಗೆ ಹಾಕಿದಾಗ ಗೊತ್ತಾಗುವುದು ದಪ್ಪವೋ ತೆಳುವೋ ಅನ್ನುವುದು ಮಾತ್ರ. ಪಾಕವನ್ನು ಚೆನ್ನಾಗಿ ಕಾಯಿಸಿ ದಪ್ಪ ಮಾಡಿದರೆ ಅದೂ ತಳಕ್ಕೆ ಹೋಗುತ್ತದೆ. ಉಲ್ಟಾ, ನಮ್ಮ ಮಿಸ್ರಿ ಜೇನು (ಕುಟುಕದ ಪುಟ್ಟ ಹುಳುವಿನದು) ಅಪ್ಪಟ ಅಸಲಿ ಇದ್ದರೂ ತೆಳು, ನೀರಲ್ಲಿ ಬೇಗ ಕರಗುತ್ತದೆ. ಬೆಂಕಿಕಡ್ಡಿ ಅದ್ದಿ ಗೀರುವುದು, ಕಾಗದದ ಮೇಲೆ ಹನಿ ಬಿಡುವುದು, ಹೆಬ್ಬೆರಳ ಉಗುರಿನ ಮೇಲೆ ಇಡುವುದು, ಎಲ್ಲವೂ ಇದೇ ಜಾತಿ. ನೀರಿನಂಶ ಜಾಸ್ತಿಯೋ ಕಡಿಮೆಯೋ ಅಂತ ಅಂದಾಜು ಸಿಗಬಹುದು, ಸಕ್ಕರೆ ಹೂವಿನದೋ ಗಾಣದ್ದೋ ಅಂತ ಗೊತ್ತಾಗುವುದಿಲ್ಲ. ನಾಯಿ ಮೂಸುವುದಿಲ್ಲ, ಇರುವೆ ಮುತ್ತುವುದಿಲ್ಲ ಅನ್ನುವುದು ಬರೀ ಸುಳ್ಳು.

2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರಾಂಡಿನ ಜೇನಿನ ಪರೀಕ್ಷೆಯ ಫಲಿತಾಂಶ ಹೊರಗಿಟ್ಟಿತು. ಜರ್ಮನಿಯ ಪ್ರಯೋಗಾಲಯದಲ್ಲಿ ಮಾಡಿಸಿದ ಎನ್‌ಎಂಆರ್ ಅನ್ನುವ, ಕಲಬೆರಕೆ ಹಿಡಿಯುವ ಸೂಕ್ಷ್ಮ ಪರೀಕ್ಷೆಯಲ್ಲಿ 10 ಬ್ರಾಂಡು ಫೇಲಾದವು. ಇಲ್ಲಿಯ ಮಾಮೂಲಿ ಪರೀಕ್ಷೆಗೆ ಸಿಕ್ಕದ ಹಾಗೆ ಪಾಕ ತಯಾರಾಗುತ್ತದೆ ಅಂತಲೂ ಅವರು ತೋರಿಸಿದರು. ಪ್ರಯೋಗಾಲಯವನ್ನೇ ದಾಟುವ ಪಾಕ ನಿಮ್ಮ ಅಡುಗೆಮನೆಯ ಗ್ಲಾಸಿಗೆ ಸಿಗುತ್ತದಾ?

ಹಾಗಾದರೆ ಏನು ಮಾಡುವುದು? ಜೇನನ್ನು ಪರೀಕ್ಷೆ ಮಾಡಬೇಡಿ, ಮಾರುವವರನ್ನು ವಿಚಾರಿಸಿ. ಪೆಟ್ಟಿಗೆ ಎಲ್ಲಿದೆ, ಯಾವ ತಿಂಗಳು ತೆಗೆದದ್ದು, ತುಡುವೆಯೋ ಹೆಜ್ಜೇನೋ? ನಿಜವಾಗಿ ಸಾಕುವವರು ಈ ಪ್ರಶ್ನೆಗೆ ಅರ್ಧ ಗಂಟೆ ಮಾತಾಡುತ್ತಾರೆ, ಬಿಟ್ಟರೆ ತೋಟಕ್ಕೇ ಕರೆದುಕೊಂಡು ಹೋಗುತ್ತಾರೆ. ಉಳಿದುಕೊಂಡ ಹೋಮ್‌ಸ್ಟೇಯವರನ್ನು ಕೇಳಿ, ಹತ್ತಿರದಲ್ಲಿ ಸಾಕುವವರು ಒಬ್ಬರಾದರೂ ಇರುತ್ತಾರೆ. ಮೇನಲ್ಲಿ ತೆಗೆದು ಬಾಟಲಿ ಮಾಡಿಟ್ಟ ಜೇನನ್ನು ಆಗಸ್ಟ್‌ನಲ್ಲಿ ಕೊಂಡರೆ ತಪ್ಪೇನಿಲ್ಲ. ಅಂಗಡಿಯಲ್ಲಾದರೆ ಲೇಬಲ್ ಮೇಲೆ ವಿಳಾಸ, ಬ್ಯಾಚ್ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ. ಆ ನಂಬರ್ ಇದ್ದ ಮಾತ್ರಕ್ಕೆ ಜೇನು ಶುದ್ಧ ಅಂತಲ್ಲ, ತಪ್ಪಾದರೆ ಹಿಡಿದು ಕೇಳಲು ಒಬ್ಬರು ಇದ್ದಾರೆ ಅಂತ. ಬಕೆಟ್‌ನವರನ್ನು ನಾಳೆ ಎಲ್ಲಿ ಹುಡುಕುತ್ತೀರಿ?

ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. 1991-92ರ ಹೊತ್ತಿಗೆ ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳು ಸಾಲು ಸಾಲು ಸತ್ತವು. ನಮ್ಮ ಮನೆಯ ಪೆಟ್ಟಿಗೆಗಳೂ ಖಾಲಿಯಾದವು. ಅಪ್ಪ ಒಂದೊಂದೇ ಕುಟುಂಬ ಹಿಡಿದು ತಂದು ಮತ್ತೆ ಕಟ್ಟಿದರು. ಈಗ ಪ್ರವಾಸಿಗರು ಒಮ್ಮೆ ಮೋಸ ಹೋದರೆ "ಶಿರಸಿ ಜೇನೆಲ್ಲ ಇಷ್ಟೇ" ಅಂತ ಹೇಳಿಬಿಡುತ್ತಾರೆ. ಆ ಮಾತು ಕೇಳಿದಾಗ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ನೆಕ್ಕಿಸಲು ಕಾಡುಜೇನು ಒಳ್ಳೆಯದಾ?

ಬೇಡವೇ ಬೇಡ. ಒಂದು ವರ್ಷ ತುಂಬುವ ತನಕ ಯಾವ ಜೇನನ್ನೂ ಕೊಡಬೇಡಿ, ನನ್ನ ಪೆಟ್ಟಿಗೆಯದ್ದನ್ನೂ. ಅಸಲಿ ಜೇನಲ್ಲೂ ಬಾಟುಲಿಸಂ ಅನ್ನುವ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ನಮ್ಮ ಹೊಟ್ಟೆ ತಡೆದುಕೊಳ್ಳುತ್ತದೆ, ಕೂಸಿನ ಹೊಟ್ಟೆ ತಡೆಯುವುದಿಲ್ಲ. ಅಜ್ಜಿ ಹೇಳಿದರೂ ಬೇಡ.

ಪ್ರಶ್ನೆ: ಕಾಡುಜೇನು ಸಕ್ಕರೆ ಕಾಯಿಲೆಯವರಿಗೆ ಔಷಧಿ ಅಂತ ಮಾರುವವರು ಹೇಳಿದರು.

ಹಾಗೆ ಹೇಳಿದವರಿಂದ ಏನನ್ನೂ ಕೊಳ್ಳಬೇಡಿ. ಜೇನಿನ ಹೆಚ್ಚುಕಡಿಮೆ ಎಂಬತ್ತು ಭಾಗ ಸಕ್ಕರೆಯೇ. ಇದನ್ನು ನಂಬಿ ಮಾತ್ರೆ ಬಿಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ನಿಮ್ಮ ಕಡೆ ಕೊಂಡ ಜೇನು ಹರಳುಗಟ್ಟಿದೆ, ಸಕ್ಕರೆ ಬೆರೆಸಿದ್ದಾರಾ?

ಅಸಲಿ ಜೇನೂ ಹರಳುಗಟ್ಟುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಡಿ, ಕರಗುತ್ತದೆ.

ಪ್ರಶ್ನೆ: ಮಿಸ್ರಿ ಜೇನು ಲೀಟರ್ ಬಾಟಲಿಯಲ್ಲಿ ಎಷ್ಟು ಬೇಕಾದರೂ ಇದೆ ಅನ್ನುತ್ತಾರೆ, ಕೊಳ್ಳಬಹುದಾ?

ಒಂದು ಮಿಸ್ರಿ ಗೂಡಿನಲ್ಲಿ ವರ್ಷಕ್ಕೆ ಸಿಗುವುದು ಕೆಲವು ನೂರು ಗ್ರಾಂ. ಎಷ್ಟು ಬೇಕಾದರೂ ಇದೆ ಅಂದ ಮೇಲೆ ಅದು ಮಿಸ್ರಿ ಅಲ್ಲ.

ಪ್ರಶ್ನೆ: ಮೋಸ ಹೋಗಿದ್ದೇವೆ, ದೂರು ಕೊಡಬಹುದಾ?

ರಶೀದಿ, ಲೇಬಲ್ ಇದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಕೊಂಡವರೇ ಶುಲ್ಕ ಕಟ್ಟಿ ಮಾಲನ್ನು ಪರೀಕ್ಷೆಗೆ ಕೊಡಲು ಅವಕಾಶ ಇದೆ. ಆದರೆ ಪರೀಕ್ಷೆ ಮಾಡಿಸುತ್ತೇನೆ ಅಂತ ಕೊಳ್ಳುವಾಗಲೇ ಮಾರುವವರಿಗೆ ಹೇಳಿರಬೇಕು. ಬಕೆಟ್‌ನವರ ಹತ್ತಿರ ಒಮ್ಮೆ ಹಾಗೆ ಹೇಳಿ ನೋಡಿ.