ತೇಲುವ ಸರ್ಗಾಸಮ್‌ನ ಪುಟ್ಟ ಜೀವಿಗಳು: ಹಿಡಿಯುವುದು, ಉಳಿಸುವುದು

ಕಾರವಾರದ ದಡದಿಂದ ಬಕೆಟ್ ತುಂಬ ಸರ್ಗಾಸಮ್ (ಒಂದು ಬಗೆಯ ಕಂದು ಕಡಲಪಾಚಿ) ತಂದಿರಿ, ಮುಚ್ಚಿಟ್ಟಿರಿ, ಬೆಳಗಾಗುವಷ್ಟರಲ್ಲಿ ಅದರಲ್ಲಿದ್ದ ಜೀವಿಗಳೆಲ್ಲ ಸತ್ತಿದ್ದವು, ಬಕೆಟಿನ ಗೋಡೆ ಹತ್ತಿದ ಕೆಲವು ಮಾತ್ರ ಜಿಗಿಯುತ್ತಿದ್ದವು ಅಂದಿರಿ. ಹಾಗೆ ಜಿಗಿಯುವವು ಬಹುಮಟ್ಟಿಗೆ ಮರಳಿನಲ್ಲೇ ವಾಸಿಸುವ, ಸಿಗಡಿಯನ್ನು ಹೋಲುವ ಪುಟ್ಟ ಜೀವಿಗಳಾದ ಆಂಫಿಪಾಡ್‌ಗಳು. ದಡಕ್ಕೆ ಬಿದ್ದ ಪಾಚಿಯಡಿ ಬಂದು ಸೇರಿಕೊಳ್ಳುತ್ತವೆ; ಅವಕ್ಕೆ ಬೇಕಾದ್ದು ಒದ್ದೆ ಮರಳು, ನೀರಲ್ಲ. ತೇಲಿ ಬಂದವು ಬೇಕಿದ್ದರೆ ಇನ್ನೂ ನೀರಿನಲ್ಲಿರುವ ಪಾಚಿಯನ್ನೇ ಹಿಡಿಯಬೇಕು.

ಕೈಹಾಕಿ ಎತ್ತಿದರೆ ಸಿಗಡಿ, ಏಡಿಮರಿಗಳು ಮೊದಲು ಉದುರಿ ಓಡುತ್ತವೆ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆಚೀಲವನ್ನು ಕೆಳಗಿನಿಂದ ಸರಿಸಿ, ಬಾಯಿ ಬಿಗಿದು, ಆಮೇಲೆ ಎತ್ತಿ. ಅಂಟುವ ನೀಲಿ ಗುಳ್ಳೆಯಂಥದ್ದು ಕಂಡರೆ ಮುಟ್ಟಬೇಡಿ, ಅದು ಫೈಸೇಲಿಯಾ, ಜೆಲ್ಲಿಮೀನಿನಂತೆ ಕುಟುಕುವ ಜೀವಿ.

ರಾತ್ರಿ ಸತ್ತದ್ದು ಆಮ್ಲಜನಕವಿಲ್ಲದೆ. ಕತ್ತಲಲ್ಲಿ ಪಾಚಿಯೂ ಉಸಿರಾಡುತ್ತದೆ, ಕೊಳೆತ ಭಾಗ ಇನ್ನಷ್ಟು ಎಳೆದುಕೊಳ್ಳುತ್ತದೆ. ಹತ್ತು ಲೀಟರ್ ನೀರಿಗೆ ಒಂದು ಹಿಡಿ ಪಾಚಿ ಸಾಕು. ಹಿಡಿದ ಜಾಗದ್ದೇ ನೀರು ತನ್ನಿ. ನದಿಮುಖದ ಬಳಿ ಉಪ್ಪಿನಂಶ ಬೇರೆ ಇರುತ್ತದೆ. ಬ್ಯಾಟರಿ ಏರ್‌ಪಂಪ್ ಮೆಲ್ಲಗೆ ಓಡಲಿ, ನೆರಳಿರಲಿ, ಗಾಳಿಯಾಡದ ಮುಚ್ಚಳ ಬೇಡ. ಕಂದಿ ಮೆತ್ತಗಾದ ಎಲೆ ದಿನವೂ ತೆಗೆದು ಹೊಸ ಪಾಚಿ ಹಾಕಿ. ಏಡಿ, ಸಿಗಡಿಗಳನ್ನು ಬೇರೆ ಡಬ್ಬಿಗೆ ಹಾಕಿ; ಒಟ್ಟಿಗಿದ್ದರೆ ಸಣ್ಣವನ್ನು ತಿಂದುಬಿಡುತ್ತವೆ.

ಗುರುತಿಸಲು ದೇಹದ ಆಕಾರ ನೋಡಿ. ಪಕ್ಕಗಳಿಂದ ಒತ್ತಿದಂತೆ ಇದ್ದರೆ ಆಂಫಿಪಾಡ್, ಬೆನ್ನಿನಿಂದ ಚಪ್ಪಟೆಯಾಗಿದ್ದರೆ ಐಸೊಪಾಡ್. ಕಡ್ಡಿಯಂತೆ ತೆಳ್ಳಗೆ ನೆಟ್ಟಗೆ ನಿಂತು ತೂಗುವುದು ಕ್ಯಾಪ್ರೆಲ್ಲಿಡ್, ಅದೂ ಆಂಫಿಪಾಡ್ ಬಳಗದ್ದೇ. ಆಂಫಿಪಾಡ್, ಐಸೊಪಾಡ್ ಎರಡೂ ಗುಂಪಿನ ಹೆಣ್ಣುಗಳು ಸಾಮಾನ್ಯವಾಗಿ ಎದೆಯಡಿಯ ಚೀಲದಲ್ಲಿ ಮೊಟ್ಟೆ ಹೊತ್ತು, ತಮ್ಮಂತೆಯೇ ಕಾಣುವ ಮರಿಗಳನ್ನು ಬಿಡುತ್ತವೆ. ಏಡಿಯ ಮರಿಗಳಂತೆ ಪ್ಲವಕವಾಗಿ, ಅಂದರೆ ನೀರಿನ ಹರಿವಿನೊಂದಿಗೆ ಸಾಗುವ ಪುಟ್ಟ ಜೀವಿಯಾಗಿ, ತೇಲಿ ಹರಡುವ ಹಂತ ಇವಕ್ಕಿಲ್ಲ. ಹಾಗಾಗಿ ದೂರದ ಬಂಡೆಗೆ ಹೋಗಲು ಕಿತ್ತು ತೇಲುವ ಪಾಚಿಯೇ ಇವುಗಳ ದೋಣಿ. ತಾಯಿಯೊಂದಿಗೆ ಮರಿಗಳೂ ಒಂದೇ ಗೊಂಚಲಲ್ಲಿ ಸಿಗುವುದು ಇದರಿಂದಲೇ, ಪಾಚಿಯನ್ನು ಜಗಿದು ಜಗಿದು ದೋಣಿಯನ್ನೇ ಮುಳುಗಿಸುವ ಐಸೊಪಾಡ್‌ಗಳೂ ಇವೆ.

ಎಣಿಸುವುದಿದ್ದರೆ ಮಾತ್ರ ಪಾಚಿಯನ್ನು ಸಿಹಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಅಲುಗಿಸಿ. ಹಿಡಿತ ಬಿಟ್ಟು ಉದುರುತ್ತವೆ, ಆದರೆ ಬದುಕುವುದಿಲ್ಲ. ಅರ್ಧ ಮಿ.ಮೀ. ಜರಡಿಯಲ್ಲಿ ಸೋಸಿ 70 ಶೇಕಡ ಎಥೆನಾಲ್‌ಗೆ ಹಾಕಿ. ನೀರು ಝಾಡಿಸಿದ ಪಾಚಿಯನ್ನು ತೂಗಿ, 100 ಗ್ರಾಂಗೆ ಎಷ್ಟೆಂದು ಬರೆಯಿರಿ. ತೂಕವಿಲ್ಲದ ಎಣಿಕೆ ಹೋಲಿಕೆಗೆ ಬಾರದು. ಜಾಗ, ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಬಾಟಲಿಯ ಒಳಗೇ ಇರಲಿ, ಪೆನ್ನಿನ ಶಾಯಿ ಎಥೆನಾಲ್‌ನಲ್ಲಿ ಕರಗುತ್ತದೆ.

ಗೊಂಚಲಲ್ಲಿ ಕಡಲಕುದುರೆ ಸಿಕ್ಕರೆ ತಕ್ಷಣ ನೀರಿಗೆ ಬಿಡಿ, 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಇನ್ನು ಮುಂದೆ ಈ ಜೀವಿಗಳ ಫೋಟೊಗಳನ್ನು ಪಕ್ಕದಿಂದ ತೆಗೆಯಿರಿ, ಜೊತೆಗೊಂದು ಸ್ಕೇಲ್ ಇಡಿ.