ಕಾರವಾರದ ಹವೆಯಲ್ಲಿ ಮನೆಯಲ್ಲೇ ಜರ್ಕಿ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಹೊರದೇಶದಲ್ಲಿ ತಿಂದ ಬೀಫ್ ಜರ್ಕಿಯ (ಮಸಾಲೆ ಹಚ್ಚಿ ಒಣಗಿಸಿದ ದನದ ಮಾಂಸದ ಪಟ್ಟಿ) ರುಚಿ ಹಿಡಿದು ಕಾರವಾರದ ಮನೆಯಲ್ಲಿ ಆಡಿನ ಮಾಂಸದಿಂದ ಎರಡು ಸಲ ಮಾಡಿದಿರಿ. ಮೊದಲ ಸಲ ಬಿಸಿಲಿಗೆ ಹಾಕಿದ್ದು ಮೂರನೇ ದಿನ ನಾರಿತು. ಎರಡನೇ ಸಲ ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 120 ಡಿಗ್ರಿಗೆ ಇಟ್ಟದ್ದು ಹೊರಗೆ ಚಕ್ಕೆಯಂತಾಗಿ ಒಳಗೆ ಹಸಿಯಾಗೇ ಉಳಿಯಿತು. ಎರಡೂ ತಪ್ಪು ಬೇರೆ ಬೇರೆ.

ಬಂಗಡೆ ಒಣಗುತ್ತದಲ್ಲ, ಮಾಂಸ ಯಾಕೆ ಒಣಗಬಾರದು ಎಂದು ಕರಾವಳಿಯವರಿಗೆ ಅನ್ನಿಸುವುದು ಸಹಜ. ಆದರೆ ಬಂಗಡೆಯನ್ನು ಕಾಯುವುದು ಬಿಸಿಲಿಗಿಂತ ಹೆಚ್ಚಾಗಿ ಉಪ್ಪು. ಮೂರು-ನಾಲ್ಕು ಕೆ.ಜಿ. ಮೀನಿಗೆ ಒಂದು ಕೆ.ಜಿ. ಉಪ್ಪು ಹೋಗುತ್ತದೆ. ತಿನ್ನುವ ಮುಂಚೆ ನೀರಲ್ಲಿ ನೆನೆಸಿ ಉಪ್ಪು ಬಿಡಿಸುತ್ತೇವೆ, ಆಮೇಲೆ ಸುಡುತ್ತೇವೆ ಇಲ್ಲವೇ ಸಾರಿಗೆ ಹಾಕುತ್ತೇವೆ. ಜರ್ಕಿ ಹಾಗಲ್ಲ, ಡಬ್ಬಿಯಿಂದ ತೆಗೆದು ನೇರ ಬಾಯಿಗೆ. ಅದಕ್ಕೆ ಕೆ.ಜಿ.ಗೆ 20 ಗ್ರಾಂಗಿಂತ ಹೆಚ್ಚು ಉಪ್ಪು ಹಾಕಿದರೆ ತಿನ್ನಲಾಗುವುದಿಲ್ಲ. ಅಷ್ಟು ಕಡಿಮೆ ಉಪ್ಪಿನ ಹಸಿಮಾಂಸವನ್ನು ಸಮುದ್ರದ ತೇವದ ಗಾಳಿಯಲ್ಲಿ ಎರಡು ಹಗಲು ಬಿಟ್ಟರೆ ಒಣಗುವುದಕ್ಕಿಂತ ಮೊದಲು ಕೊಳೆಯುತ್ತದೆ. ರಾತ್ರಿ ಒಳಗೆ ತಂದಿಟ್ಟರೂ ಹಗಲು ಬಿಟ್ಟ ನೀರನ್ನು ಮತ್ತೆ ಹೀರಿಕೊಳ್ಳುತ್ತದೆ. ಜರ್ಕಿ ಎಂಬ ಹೆಸರು ಬಂದದ್ದೇ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಕೆಚುವಾ ಭಾಷೆಯ 'ಚಾರ್ಕಿ'ಯಿಂದ. ಅಲ್ಲಿಯ ಗಾಳಿ ತಣ್ಣಗೆ, ಒಣಒಣ. ನಮ್ಮಲ್ಲಿ ಆ ಗಾಳಿಯನ್ನು ಯಂತ್ರದೊಳಗೆ ಮಾಡಿಕೊಳ್ಳಬೇಕು. ಬಿಸಿಲಿನ ಆಸೆ ಬಿಟ್ಟುಬಿಡಿ.

ಮಾಂಸದ ವಿಷಯ. ಹೊರದೇಶದಲ್ಲಿ ದನದ ಹಿಂತೊಡೆಯ ಕೊಬ್ಬಿಲ್ಲದ ಭಾಗ ಬಳಸುತ್ತಾರೆ. ಕರ್ನಾಟಕದಲ್ಲಿ 2020ರ ಕಾಯ್ದೆಯ ಪ್ರಕಾರ ಹಸು, ಎತ್ತು, ಹೋರಿ, ಕರುಗಳ ವಧೆ ನಿಷಿದ್ಧ, 13 ವರ್ಷದೊಳಗಿನ ಎಮ್ಮೆ-ಕೋಣಗಳದ್ದೂ ಸಹ. ಹಾಗಾಗಿ ನೀವು ಆಡಿಗೆ ಬಂದದ್ದು ಸರಿಯಾಗಿಯೇ ಇದೆ, ವಿಧಾನವೇನೂ ಬದಲಾಗುವುದಿಲ್ಲ. ಅಂಗಡಿಯಲ್ಲಿ ಸಾರಿನ ತುಂಡು ಮಾಡಿಸಬೇಡಿ. ಹಿಂದಿನ ತೊಡೆ ಇಡಿಯಾಗಿ, ಮೂಳೆ ಬಿಡಿಸಿ ಕೊಡಿ ಎಂದು ಕೇಳಿ. ಮನೆಯಲ್ಲಿ ಕೊಬ್ಬು, ಬಿಳಿ ಪೊರೆ, ನರ ಎಲ್ಲ ಕೆತ್ತಿ ತೆಗೆಯಿರಿ. ಕೊಬ್ಬು ಒಣಗುವುದೇ ಇಲ್ಲ, ಕೆಲವು ದಿನಕ್ಕೆ ಕಮಟು ಹಿಡಿದು ಡಬ್ಬಿ ಪೂರ್ತಿ ಕೆಡಿಸುತ್ತದೆ. ಆಡಿನ ಗವಲು ವಾಸನೆ ಇರುವುದೂ ಅದರಲ್ಲೇ. ಒಂದು ಕೆ.ಜಿ. ಶುದ್ಧ ಮಾಂಸ ಸಿಗಲು ಒಂದೂವರೆ ಕೆ.ಜಿ.ಗಿಂತ ಹೆಚ್ಚಿನ ತೊಡೆ ಬೇಕಾಗುತ್ತದೆ.

ಫ್ರೀಜರಿನಲ್ಲಿ ಒಂದೂವರೆಯಿಂದ ಎರಡು ಗಂಟೆ ಇಡಿ. ಕಲ್ಲಾಗಬಾರದು, ಬೆರಳಿಂದ ಒತ್ತಿದರೆ ಸ್ವಲ್ಪವೇ ತಗ್ಗಬೇಕು. ಆಗ ಚೂರಿ ಜಾರದೆ 5 ಮಿ.ಮೀ. ಪಟ್ಟಿಗಳು ಒಂದೇ ದಪ್ಪಕ್ಕೆ ಬರುತ್ತವೆ. ಒಂದು ಪಟ್ಟಿ 4, ಇನ್ನೊಂದು 9 ಮಿ.ಮೀ. ಆದರೆ ತೆಳುವಾದದ್ದು ಸುಡುವ ಹೊತ್ತಿಗೆ ದಪ್ಪದ್ದು ಹಸಿ. ಮಾಂಸದ ಎಳೆಗಳ ಉದ್ದಕ್ಕೆ ಕತ್ತರಿಸಿದರೆ ಜಗಿಯಲು ಗಟ್ಟಿ, ಎಳೆಗೆ ಅಡ್ಡ ಕತ್ತರಿಸಿದರೆ ಮೆದು. ಆಡಿಗೆ ಅಡ್ಡವೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಈಗ ರುಚಿ. 1 ಕೆ.ಜಿ. ಮಾಂಸಕ್ಕೆ ನಾನು ಹೇಳುವ ಅಳತೆ: ಸಣ್ಣ ಉಪ್ಪು 20 ಗ್ರಾಂ, ಮುರುಗಲು ಸಿಪ್ಪೆ 15 ಗ್ರಾಂ (100 ಮಿ.ಲೀ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿದ ರಸ), ಶಿರಸಿ ಕಡೆಯ ಜೋನಿಬೆಲ್ಲ 30 ಗ್ರಾಂ, ಬ್ಯಾಡಗಿ ಮೆಣಸಿನ ಪುಡಿ 10 ಗ್ರಾಂ, ಹುರಿದು ಕುಟ್ಟಿದ ಕೊತ್ತಂಬರಿ 5 ಗ್ರಾಂ, ಬೆಳ್ಳುಳ್ಳಿ ಪುಡಿ 4 ಗ್ರಾಂ. ತಿರಫಳ (ಜುಮ್ಮನಕಾಯಿ) ಇದ್ದರೆ ಏಳೆಂಟು ಕಾಯಿ, ಬೀಜ ತೆಗೆದು ಸಿಪ್ಪೆ ಮಾತ್ರ ಪುಡಿ ಮಾಡಿ. ಮೀನುಸಾರಿನಲ್ಲಿ ಅದು ಮಾಡುವ ಕೆಲಸವನ್ನು ಇಲ್ಲೂ ಮಾಡುತ್ತದೆ, ಆಡಿನ ವಾಸನೆಯನ್ನು ಅಡಗಿಸುತ್ತದೆ. ಉಪ್ಪು ಹಾಕಿ ಒಣಗಿಸಿದ ಮುರುಗಲಾದರೆ ಉಪ್ಪನ್ನು 15 ಗ್ರಾಂಗೆ ಇಳಿಸಿ. ಹೊರದೇಶದ ರುಚಿಯೇ ಬೇಕೆಂದರೆ ಮುರುಗಲು, ತಿರಫಳ, ಕೊತ್ತಂಬರಿ ಬಿಟ್ಟು ಸೋಯಾ ಸಾಸ್ 60 ಮಿ.ಲೀ. ಹಾಕಿ, ಉಪ್ಪು 10 ಗ್ರಾಂ ಸಾಕು. ಸೋಯಾದಲ್ಲೇ ಉಳಿದರ್ಧ ಉಪ್ಪು ಬಂದಿರುತ್ತದೆ.

ಹಸಿ ರಸವನ್ನು ನಾಲಿಗೆಗೆ ಹಚ್ಚಿ ನೋಡಿ 'ಸಪ್ಪೆಯಾಯ್ತು' ಎಂದು ಇನ್ನೊಂದು ಚಮಚ ಸುರಿಯಬೇಡಿ. ಒಂದು ಕೆ.ಜಿ. ಒಣಗಿ 350-400 ಗ್ರಾಂ ಆಗುತ್ತದೆ. ಹಾಕಿದ್ದೆಲ್ಲ ಎರಡೂವರೆ ಪಟ್ಟು ಚುರುಕಾಗುತ್ತದೆ. ಎಣ್ಣೆ, ಕಾಯಿತುರಿ, ಹಸಿ ಈರುಳ್ಳಿ ಯಾವುದೂ ಬೇಡ. ಇಂದುಪ್ಪು ಗುಲಾಬಿ ಬಣ್ಣದ್ದೆಂದು ಅದನ್ನು ಹೊರದೇಶದವರು ಹೇಳುವ 'ಪಿಂಕ್ ಸಾಲ್ಟ್' ಎಂದುಕೊಳ್ಳುವವರಿದ್ದಾರೆ. ಆ ಪಿಂಕ್ ಸಾಲ್ಟ್ ನೈಟ್ರೈಟ್ ಬೆರೆಸಿದ ಬೇರೆಯೇ ಉಪ್ಪು, ಅಳತೆ ತಪ್ಪಿದರೆ ವಿಷ. ಈ ವಿಧಾನಕ್ಕೆ ಅದು ಬೇಕಿಲ್ಲ.

ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ ಕಲಸಿ ಫ್ರಿಜ್ಜಿನಲ್ಲಿ 6ರಿಂದ 12 ಗಂಟೆ ಇಡಿ. ಅಲ್ಯೂಮಿನಿಯಂ ಹುಳಿಗೆ ಆಗದು. 12 ಗಂಟೆ ದಾಟಿದರೆ ಹುಳಿ ಮಾಂಸದ ಮೇಲ್ಪದರವನ್ನು ಹಿಟ್ಟಾಗಿಸುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಹಂತ ಮುಂದಿನದು, ಬಿಡಲೇಬಾರದ್ದೂ ಅದೇ. ಒಣಗಿಸುವ ಮೊದಲೇ ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. 60 ಡಿಗ್ರಿಯ ಗಾಳಿಯಲ್ಲಿ ನೀರು ಆರುತ್ತಿರುವಾಗ ಮಾಂಸ ತಣ್ಣಗೇ ಇರುತ್ತದೆ. ಅದು ಬಿಸಿಯಾಗುವ ಹೊತ್ತಿಗೆ ಒಣಗಿದ ಸಾಲ್ಮೊನೆಲ್ಲಾ, ಇ. ಕೋಲಿ ರೋಗಾಣುಗಳು ಶಾಖ ತಡೆಯುವಷ್ಟು ಗಟ್ಟಿಯಾಗಿರುತ್ತವೆ. ಹಸಿ ಇರುವಾಗಲೇ ಕೊಲ್ಲುವುದು ಸುಲಭ. ಇಡ್ಲಿ ಪಾತ್ರೆಯ ತೂತಿನ ತಟ್ಟೆ ಮೇಲೆ ಪಟ್ಟಿಗಳನ್ನು ಒಂದೇ ಪದರವಾಗಿ ಹರಡಿ ಹಬೆ ಕೊಡಿ. ಐದಾರು ನಿಮಿಷಕ್ಕೆ ಅಳೆದು ನೋಡಿ: ಥರ್ಮಾಮೀಟರಿನ ಕಡ್ಡಿಯನ್ನು ಮೇಲಿಂದ ಚುಚ್ಚಿದರೆ ಆಚೆ ಬದಿಗೆ ಬಂದುಬಿಡುತ್ತದೆ, ಪಟ್ಟಿಯ ತುದಿಯಿಂದ ಉದ್ದಕ್ಕೆ ತೂರಿಸಬೇಕು. ಬಣ್ಣ ಕೆಂಪು ಹೋಗಿ ಕಂದಾಗುತ್ತದೆ, ಜಗಿತವೂ ಅಂಗಡಿಯದಕ್ಕಿಂತ ತುಸು ಪುಡಿಪುಡಿ. ಅದನ್ನು ಒಪ್ಪಿಕೊಳ್ಳಬೇಕು.

ಹಬೆಯಿಂದ ತೆಗೆದು ಬಟ್ಟೆಯಲ್ಲಿ ಒತ್ತಿ, ಆಗ ತರಿತರಿಯಾಗಿ ಕುಟ್ಟಿದ ಕಾಳುಮೆಣಸು 8 ಗ್ರಾಂ ಉದುರಿಸಿ. ಮೊದಲೇ ಹಾಕಿದರೆ ಹಬೆ ನೀರಿನ ಜೊತೆ ಅರ್ಧ ಇಳಿದು ಹೋಗುತ್ತದೆ.

ಒಣಗಿಸಲು ಫ್ಯಾನ್ ಇರುವ ಡಿಹೈಡ್ರೇಟರ್ (ಆಹಾರ ಒಣಗಿಸುವ ಯಂತ್ರ) ಉತ್ತಮ, 60 ಡಿಗ್ರಿ, 5ರಿಂದ 7 ಗಂಟೆ. ಮಳೆಗಾಲದಲ್ಲಿ ಇನ್ನೂ ಒಂದೆರಡು ಗಂಟೆ ಹಿಡಿಯಬಹುದು. ಪಟ್ಟಿಗಳು ಒಂದನ್ನೊಂದು ಮುಟ್ಟಬಾರದು. ನಡುವೆ ಒಮ್ಮೆ ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸಿ. ಓಟಿಜಿಯೇ ಇದ್ದರೆ, ಕನಿಷ್ಠ ಶಾಖಕ್ಕೆ ಇಟ್ಟು, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಎರಡು ಬೆರಳು ತೆರೆದಿಡಿ, ಒಳಗೊಂದು ಓವನ್ ಥರ್ಮಾಮೀಟರ್ ಇರಲಿ. ಓಟಿಜಿಯ ತಿರುಗಿಸುವ ಗುಂಡಿಯ ಮೇಲಿನ ಅಂಕಿ ನಂಬುವಂಥದ್ದಲ್ಲ. ನಿಮ್ಮ 120 ಡಿಗ್ರಿಯಲ್ಲಿ ಆದದ್ದೇನೆಂದರೆ, ಮೇಲ್ಮೈ ಮೊದಲ ಅರ್ಧ ಗಂಟೆಯಲ್ಲೇ ಗಟ್ಟಿಯಾಗಿ ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚಿತು. ಮೇಲಾಗಿ ಮುಚ್ಚಿದ ಬಾಗಿಲು, ಹಬೆ ಹೋಗುವುದಾದರೂ ಎಲ್ಲಿಗೆ?

ನಾಲ್ಕನೇ ಗಂಟೆಯಿಂದ ನೋಡುತ್ತಿರಿ. ಬಿಸಿ ಪಟ್ಟಿ ಯಾವಾಗಲೂ ಮೆದುವೇ, ಮೋಸ ಹೋಗಬೇಡಿ. ಒಂದನ್ನು ತೆಗೆದು ಐದು ನಿಮಿಷ ಆರಿಸಿ ನಿಧಾನ ಬಗ್ಗಿಸಿ. ಬಾಗಿದ ಕಡೆ ಮೇಲ್ಮೈ ಬಿರಿದು ನಡುವೆ ಬಿಳಿ ಎಳೆಗಳು ನಾರಿನ ಹಾಗೆ ಕಾಣಬೇಕು, ತುಂಡಾಗಬಾರದು. ಲಟಕ್ಕೆಂದರೆ ಅತಿಯಾಯಿತು. ಬಿರುಕೇ ಬಿಡದಿದ್ದರೆ ಇನ್ನೂ ಒಂದು ಗಂಟೆ. ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು, ಕೆ.ಜಿ. ಹಸಿಮಾಂಸ 400 ಗ್ರಾಂಗಿಂತ ಕೆಳಗೆ ಇಳಿದಿರಬೇಕು.

ಆರಲು ಅರ್ಧ ಗಂಟೆ ಸಾಕು. ರಾತ್ರಿಯಿಡೀ ತಟ್ಟೆಯಲ್ಲಿ ಬಿಟ್ಟರೆ ಬೆಳಿಗ್ಗೆ ಹಪ್ಪಳ ಮೆತ್ತಗಾದ ಹಾಗೆ ಆಗಿರುತ್ತದೆ. ಗಾಜಿನ ಭರಣಿಗೆ ಮುಕ್ಕಾಲು ಭಾಗ ತುಂಬಿ ಮುಚ್ಚಿ, ಮರುದಿನ ನೋಡಿ. ಗಾಜಿನ ಒಳಬದಿಗೆ ಮಂಜು ಕಟ್ಟಿದ್ದರೆ ಮತ್ತೆ ಒಂದೆರಡು ಗಂಟೆ ಒಣಗಿಸಿ. ಫ್ರಿಜ್ಜಿನ ಹೊರಗೆ ಎರಡು ವಾರ ಬರುತ್ತದೆ ಎನ್ನುವ ಲೆಕ್ಕ ಒಣಹವೆಯ ಊರಿನದು. ಇಲ್ಲಿ ಮೊದಲ ದಿನದಿಂದಲೇ ಫ್ರಿಜ್ಜಿನಲ್ಲಿಡಿ, ಒಂದು ತಿಂಗಳೊಳಗೆ ಮುಗಿಸಿ, ಹೆಚ್ಚಿದ್ದರೆ ಫ್ರೀಜರಿಗೆ ಹಾಕಿ. ಒಂದು ಪಟ್ಟಿಯ ಮೇಲೆ ಬೂಷ್ಟು ಕಂಡರೂ ಅದನ್ನಷ್ಟೇ ತೆಗೆದು ಉಳಿದದ್ದು ತಿನ್ನಬೇಡಿ, ಇಡೀ ಭರಣಿ ಹೊರಗೆ ಹೋಗಲಿ.